ಆರು ಸೆಲ್ಲುಗಳಲ್ಲಿ ಉಳಿದ ಹಾಡು

೧೯೮೯ರ ಅಕ್ಟೋಬರ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಜಮ್ಮ ಗೋವಿನಕೋವಿಯ ಒಂದು ಮನೆಯ ನಡುಮನೆಯಲ್ಲಿ ಕೂತು, ಆಗಷ್ಟೇ ಹುಟ್ಟಿದ ಹೆಣ್ಣುಮಗುವಿನ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದಳು. ಮಗು ಅತ್ತ ಕೂಡಲೇ ಎಡಗೈ ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಂಡ ವಾಚು ನೋಡಿಕೊಂಡಿದ್ದಳು. ಆಮೇಲೆ ಕೈ ತೊಳೆದು ರಿಜಿಸ್ಟರಿನಲ್ಲಿ ಹನ್ನೊಂದು ಹದಿನೇಳು ಎಂದು ಬರೆದಳು.

"ಹನ್ನೊಂದೂಕಾಲು ಅಂತ ಬರ್ಕೊಳ್ರಿ ನರ್ಸಮ್ಮ, ಹೇಳಾಕೂ ಚೆಂದ," ಎಂದಳು ಬಾಣಂತಿಯ ಅತ್ತೆ. "ಎರಡು ನಿಮಿಷದಾಗೆ ಏನು ಕೊಳ್ಳೆ ಹೋಗ್ತೈತೆ?"

"ಎರಡು ನಿಮಿಷದಾಗೆ ಜೀವ ಬರ್ತೈತೆ, ಹೋಗ್ತೈತೆ. ನಾನು ಎರಡೂ ನೋಡೀನಿ. ಹದಿನೇಳೇ ಇರ್ಲಿ ಬಿಡ್ರಿ."

ಮನೆಯವರು ಒಬ್ಬಟ್ಟು ತಿಂದು ಹೋಗಿ ಎಂದು ಹಿಡಿದುಕೊಂಡರು. ಅಂದು ಆಯುಧಪೂಜೆ. ಅಂಜಮ್ಮನಿಗೆ ಮನೆ ಸೇರುವ ಆತುರ. ಮರುದಿನ ವಿಜಯದಶಮಿಯ ಸಂಜೆ ಆರು ನಲವತ್ತಕ್ಕೆ ಅವಳು ಒಂದು ಕೆಂಪು ಗುಂಡಿ ಒತ್ತುವುದಿತ್ತು. ಏಳು ತಿಂಗಳಿಂದ ಅದಕ್ಕಾಗಿ ಕೈ ಪಳಗಿಸಿಕೊಂಡಿದ್ದಳು.

ಗುಂಡಿ ಇದ್ದದ್ದು ಅವಳ ಗಂಡನ ಕೀಬೋರ್ಡಿನಲ್ಲಿ. ನಾಲ್ಕು ಸಲ ಬೇರೆ ಬೇರೆಯಾಗಿ ಬಾರಿಸಿದ್ದನ್ನು ಒಂದರ ಮೇಲೊಂದು ಕೂಡಿಸಿ, ನಾಲ್ಕು ಜನ ಒಟ್ಟಿಗೆ ಕೂತು ನುಡಿಸಿದಂತೆ ಕೇಳಿಸುವ ಜಪಾನ್ ಯಂತ್ರ ಅದು. ಗಂಡ ಧರ್ಮಪ್ಪ ತಾನೇ ಕಟ್ಟಿದ ಹಾಡಿನ ಮೂರು ಟ್ರ್ಯಾಕು ಬಾರಿಸಿ, ನಾಲ್ಕನೆಯದನ್ನು ಹೆಂಡತಿಗೆಂದು ಖಾಲಿ ಬಿಟ್ಟು ಸತ್ತಿದ್ದ. ಆ ಮೂರನ್ನು ಹಿಡಿದಿಟ್ಟಿದ್ದು ಯಂತ್ರದ ಹಿಂಬದಿಯ ಆರು ದೊಡ್ಡ ಸೆಲ್ಲುಗಳು.

*

ಅಂಜಮ್ಮ ಜಗಳೂರಿನ ಕಡೆಯವಳು. ತಾಯಿ ಓಬವ್ವ ಸುತ್ತಿನ ನಾಲ್ಕು ಹಳ್ಳಿಗೆ ಸೂಲಗಿತ್ತಿ. ತಾಯಿಯ ಹಿಂದೆ ಓಡಾಡಿ, ಬಿಸಿನೀರು ಕಾಯಿಸಿ, ಎಸೆಸೆಲ್ಸಿ ಮುಗಿಸಿ, ಚಿತ್ರದುರ್ಗದಲ್ಲಿ ನರ್ಸ್ ತರಬೇತಿ ಮಾಡಿ ಮತ್ತೆ ಜಗಳೂರಿಗೇ ಬಂದಾಗ ಅವಳಿಗೆ ಇಪ್ಪತ್ತೆರಡು. ತರಬೇತಿಯಲ್ಲಿ ಒಂದು ಪಾಠ ಅವಳ ಮೈಗೆ ಹತ್ತಿಬಿಟ್ಟಿತ್ತು. ನಾಡಿ ಎಣಿಸುವಾಗ ಬಹಳ ಜನ ಕಾಲು ನಿಮಿಷ ಹಿಡಿದು ನಾಲ್ಕರಿಂದ ಗುಣಿಸುತ್ತಾರೆ. ಅಂಜಮ್ಮ ಪೂರ್ತಿ ಅರವತ್ತು ಸೆಕೆಂಡು ಹಿಡಿಯುತ್ತಿದ್ದಳು. ನಲವತ್ತನೇ ಸೆಕೆಂಡಿಗೆ ಒಂದು ಬಡಿತ ತಪ್ಪಿದರೆ ಕಾಲು ನಿಮಿಷದವರಿಗೆ ಗೊತ್ತಾಗುವುದೇ ಇಲ್ಲ ಎಂಬುದು ಅವಳ ವಾದ. ಎಣಿಸಿ ಮುಗಿದ ಮೇಲೆ ಅಂಕಿಯನ್ನು ಗಟ್ಟಿಯಾಗಿ ಹೇಳುವುದು ಇನ್ನೊಂದು ರೂಢಿ. ರೋಗಿಗೂ ಕೇಳಬೇಕು, ಬರೆದುಕೊಳ್ಳುವವರಿಗೂ ಕೇಳಬೇಕು. ಇಲ್ಲದ ಅಂಕಿಯನ್ನು ಅವಳು ಯಾವತ್ತೂ ಹೇಳಿದವಳಲ್ಲ.

೧೯೭೧ರಲ್ಲಿ ಚನ್ನಗಿರಿಗೆ ವರ್ಗವಾಯಿತು. ಅಲ್ಲಿಗೆ ಒಂದು ದಿನ ತ್ಯಾವಣಿಗೆಯಿಂದ ಬ್ಯಾಂಡ್ ಸೆಟ್ಟಿನ ಉಡುಪಿನಲ್ಲೇ ಒಬ್ಬ ಬಂದ. ಕೆಂಪು ಕೋಟು, ಹಿತ್ತಾಳೆ ಗುಂಡಿ, ಕಂಕುಳಲ್ಲಿ ಕ್ಲಾರಿನೆಟ್ಟು. ಮದುವೆಯೊಂದರಲ್ಲಿ ಊದುತ್ತಾ ಊದುತ್ತಾ ತಲೆಸುತ್ತು ಬಂದಿತ್ತಂತೆ. ಅಂಜಮ್ಮ ಅವನ ಮಣಿಕಟ್ಟು ಹಿಡಿದಳು. ಅರ್ಧ ನಿಮಿಷವಾದರೂ ಬಿಡಲಿಲ್ಲ.

"ಏನ್ರಿ ಸಿಸ್ಟರ್, ಲಗ್ನದ ಮನೆಯವರು ಕಾಯಾಕ್ ಹತ್ಯಾರ. ಕೈ ಕೊಟ್ರೆ ಹೋಗ್ತೀನಿ."

"ಮಾತಾಡಬ್ಯಾಡ್ರಿ. ಲೆಕ್ಕ ತಪ್ಪುತ್ತೆ."

"ತಪ್ಪಲ್ಲ. ನಾನೂ ಎಣಿಸ್ತಾ ಇದೀನಿ. ಈಗ ಮೂವತ್ತೊಂಬತ್ತು."

ಅವಳ ಲೆಕ್ಕವೂ ಮೂವತ್ತೊಂಬತ್ತೇ ಆಗಿತ್ತು. ಆ ಮನುಷ್ಯ ಮೂರು ವರ್ಷದ ಮೇಲೆ ಅವಳ ಗಂಡನಾದ.

ಧರ್ಮಪ್ಪನಿಗೆ ಬ್ಯಾಂಡು ಹಬ್ಬ ಮದುವೆಗಳ ಕೆಲಸ. ಸಂಬಳದ ಕೆಲಸ ಭದ್ರಾ ನಾಲೆಯಲ್ಲಿ ನೀರಿನ ಮಟ್ಟ ಓದುವುದು. ದಿನಕ್ಕೆ ಮೂರು ಸಲ ಅಳತೆಕಲ್ಲಿನ ಹತ್ತಿರ ಇಳಿದು, ನೀರು ಎಷ್ಟು ಅಡಿ ಎಷ್ಟು ಅಂಗುಲವಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. "ನಮ್ಮ ಮನ್ಯಾಗೆ ಇಬ್ಬರದೂ ಒಂದೇ ಕಸುಬು. ನೀನು ರಕ್ತದ್ದು ಬರೀತಿ, ನಾನು ನೀರಿಂದು ಬರೀತೀನಿ," ಎನ್ನುತ್ತಿದ್ದ. ಮಕ್ಕಳಾಗಲಿಲ್ಲ. ಆ ಬಗ್ಗೆ ಇಬ್ಬರೂ ಹೆಚ್ಚು ಮಾತಾಡಲೂ ಇಲ್ಲ.

ಮದುವೆಯಾದದ್ದು ಬುದ್ಧನ ಫೋಟೋ ಮುಂದೆ, ಪುರೋಹಿತರಿಲ್ಲದೆ. ಧರ್ಮಪ್ಪನ ತಾಯಿ ಅಂತರಘಟ್ಟಮ್ಮ ಅದಕ್ಕೆ ತಕರಾರು ಮಾಡಲಿಲ್ಲ. "ಫೋಟೋ ಯಾವುದಾದ್ರೂ ಇರ್ಲಪ್ಪ, ಮೊದ್ಲು ನಿಮ್ಮಪ್ಪನ ಹಲಗೆಗೆ ಕುಂಕುಮ ಹಚ್ಚು," ಎಂದಳು ಅಷ್ಟೇ. ಅವಳ ಗಂಡ ಹಲಗೆ ಬಾರಿಸುತ್ತಿದ್ದವನು. ಸತ್ತು ಎಷ್ಟೋ ವರ್ಷವಾಗಿತ್ತು. ಆ ಹಲಗೆ ಇವರು ಹೋದ ಊರಿಗೆಲ್ಲ ಬಂತು, ಎಲ್ಲ ಬಾಡಿಗೆ ಮನೆಯ ಗೋಡೆಯ ಮೇಲೂ ತೂಗಿತು.

ಆ ಮನೆತನಕ್ಕೆ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಆಯುಧ ತೊಳೆದು ಕುಂಕುಮ ಇಟ್ಟರೆ ಸಾಲದು, ಬಿಚ್ಚಿಡಬೇಕು. ಹಲಗೆಯ ಹುರಿ ಸಡಿಲಿಸಬೇಕು, ಕ್ಲಾರಿನೆಟ್ಟಿನ ನಾಲಿಗೆ ಕಳಚಬೇಕು, ಕೊಡಲಿಯ ಕಾವು ತೆಗೆಯಬೇಕು. ವರ್ಷವೆಲ್ಲ ಬಿಗಿದುಕೊಂಡು ದುಡಿದದ್ದಕ್ಕೆ ಅದೊಂದು ದಿನ ಬಿಡುವು. ಮರುದಿನ ಹುರಿ ಬಿಗಿದು, ಹುಲ್ಲಿನ ಬೆಂಕಿಗೆ ಹಿಡಿದು ತೊಗಲು ಕಾಯಿಸಿದರೆ ಹಲಗೆಗೆ ಮೊದಲಿಗಿಂತ ಒಳ್ಳೆಯ ದನಿ ಬರುತ್ತದೆ. ಅಂತರಘಟ್ಟಮ್ಮ ಇದನ್ನು ಹೇಳುವಾಗ ಹಲಗೆಯ ಬೆನ್ನನ್ನು ಮಗುವಿನ ಬೆನ್ನಿನಂತೆ ಸವರುತ್ತಿದ್ದಳು.

*

ನಲ್ಲೂರು, ಹೊನ್ನಾಳಿ, ಆಮೇಲೆ ೧೯೮೪ರಲ್ಲಿ ನ್ಯಾಮತಿ. ಅಂಜಮ್ಮನಿಗೆ ವರ್ಗವಾದಲ್ಲಿಗೆ ಧರ್ಮಪ್ಪನೂ ಅರ್ಜಿ ಹಾಕಿ ಹತ್ತಿರದ ಸೆಕ್ಷನ್ನಿಗೆ ಬರುತ್ತಿದ್ದ. ನ್ಯಾಮತಿಗೆ ಬಂದ ಮೂರನೇ ವರ್ಷ ಅವನಿಗೆ ಊದಲು ಉಸಿರು ಸಾಲದಾಯಿತು. ನಾಡಿ ಅಲ್ಲೊಂದು ಇಲ್ಲೊಂದು ತಪ್ಪುತ್ತಿತ್ತು. ಶಿವಮೊಗ್ಗದ ಡಾಕ್ಟರು ಮಾತ್ರೆ ಬರೆದು, ಕ್ಲಾರಿನೆಟ್ಟು ಬಿಡು ಎಂದರು. ಅವನು ಬಿಟ್ಟ. ಎರಡು ತಿಂಗಳು ಮನೆಯಲ್ಲಿ ಸದ್ದೇ ಇರಲಿಲ್ಲ.

೧೯೮೭ರ ಬೇಸಿಗೆಯಲ್ಲಿ, ದುಬೈನಿಂದ ಬಂದ ಹೊನ್ನಾಳಿಯ ಗೆಳೆಯನೊಬ್ಬನ ಹತ್ತಿರ ಅವನು ಆ ಕೀಬೋರ್ಡನ್ನು ಕೊಂಡ. ಊದಬೇಕಿಲ್ಲ, ಬೆರಳಿಟ್ಟರೆ ಸಾಕು. ಕ್ಲಾರಿನೆಟ್ಟಿನ ದನಿಯೂ ಅದರಲ್ಲಿತ್ತು. ಮೊದಲ ದಿನ ಆ ದನಿ ಒತ್ತಿ ಕೇಳಿ, "ಮೂಗು ಕಟ್ಟಿದ ಕ್ಲಾರಿನೆಟ್ಟು," ಎಂದು ನಕ್ಕ. ಆದರೂ ಬಿಡಲಿಲ್ಲ. ಟ್ರ್ಯಾಕು ಕೂಡಿಸುವುದನ್ನು ಕಲಿತ ಮೇಲಂತೂ ನಾಲೆಯಿಂದ ಬಂದವನೇ ಅದರ ಮುಂದೆ ಕೂರುತ್ತಿದ್ದ. ಕೆಂಪು ಗುಂಡಿ ಒತ್ತಿ ತಾಳ ಬಾರಿಸುವುದು, ಆಮೇಲೆ ಆ ತಾಳವನ್ನೇ ಕೇಳುತ್ತಾ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. "ಇಡೀ ಬ್ಯಾಂಡ್ ಸೆಟ್ಟು ನಾನೇ. ಜಗಳಕ್ಕೆ ಯಾರೂ ಇಲ್ಲ."

ಆ ವರ್ಷದ ಆಯುಧಪೂಜೆಗೆ ಅವನೇ ತಾಯಿಯ ಎದುರು ಕೀಬೋರ್ಡು ಮಗುಚಿ, ಪ್ಲಗ್ಗು ಕಿತ್ತು, ಮುಚ್ಚಳ ತೆಗೆದು ಆರು ಸೆಲ್ಲು ಹೊರಗಿಟ್ಟ. ಸೆಲ್ಲು ತೆಗೆದರೆ ಒಳಗೆ ಬಾರಿಸಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. "ಹೋದ್ರೆ ಹೋಗ್ಲಿ, ಮತ್ತೆ ಬಾರಿಸಿದ್ರಾತು," ಎಂದು ಹೆಂಡತಿಗೆ ಹೇಳಿದ. ತಾಯಿಗೆ ಅಷ್ಟೆಲ್ಲ ವಿವರಿಸಲಿಲ್ಲ. ಅಂತರಘಟ್ಟಮ್ಮ ಸೆಲ್ಲುಗಳನ್ನು ಒರೆಸಿ ಕುಂಕುಮವಿಟ್ಟು ಕಾಂಪೌಂಡಿನ ಗೋಡೆಯ ಮೇಲೆ ಬಿಸಿಲಿಗೆ ಇಟ್ಟಳು. ಟಾರ್ಚಿನ ಸೆಲ್ಲು ಸೋತರೆ ಬಿಸಿಲಿಗಿಟ್ಟು ಜೀವ ಬರಿಸುವುದು ಎಲ್ಲರ ಮನೆಯ ವಾಡಿಕೆ. ಮರುದಿನ ಸೆಲ್ಲು ಹಾಕಿ ಧರ್ಮಪ್ಪ ಬಾರಿಸಿದಾಗ ಅವಳು ತಲೆಯಾಡಿಸಿದಳು. "ನೋಡಿದ್ಯಾ, ಹಲಗೆ ಇದ್ದಂಗೇ ಐತೆ ಇದೂನೂ. ಕಾದ ಮೇಲೆ ದನಿ ಬಂತು." ಮುಂದಿನ ವರ್ಷವೂ ಹಾಗೇ ನಡೆಯಿತು.

೧೯೮೮ರ ನವೆಂಬರಿನಲ್ಲಿ ಅವನು ಒಂದು ಹೊಸ ಹಾಡು ಹಿಡಿದ. ಬ್ಯಾಂಡಿನಲ್ಲಿ ಎರಡು ಕ್ಲಾರಿನೆಟ್ಟುಗಳಿದ್ದರೆ ಒಂದು ಕರೆಯುತ್ತದೆ, ಇನ್ನೊಂದು ಓಗೊಡುತ್ತದೆ. ಈ ಹಾಡೂ ಹಾಗೆ. ತಾಳದ ಎಂಟು ಏಟು ಕರೆ, ಆಮೇಲೆ ಎಂಟು ಏಟು ಖಾಲಿ. ಹೀಗೆ ಆರು ಸಲ. ಎಲ್ಲ ಸೇರಿ ಒಂದೂಕಾಲು ನಿಮಿಷ.

"ಖಾಲಿ ಯಾಕೆ ಬಿಟ್ರಿ?" ಎಂದಳು ಅಂಜಮ್ಮ.

"ನಾಲ್ಕನೇದು ನಿಂದು."

"ನನಗೆಲ್ಲಿ ಬರ್ತೈತ್ರಿ!"

"ಒಂದು ಬೆರಳು ಸಾಕು ನರ್ಸಮ್ಮ. ಇಂಜೆಕ್ಷನ್ ಕೊಡೋ ಬೆರಳು. ಒಂದು ಸಲನಾದ್ರೂ ನಾನು ಕರೆದಾಗ ಮನ್ಯಾಗೆ ಇರು."

ನಗುತ್ತಲೇ ಹೇಳಿದ್ದ. ಆದರೆ ಮಾತು ಸುಳ್ಳಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಅರ್ಧ ಊಟದಲ್ಲಿದ್ದಾಗ, ಜ್ವರದಲ್ಲಿ ಮಲಗಿದ್ದಾಗ, ಏನೋ ಹೇಳಲು ಬಾಯಿ ತೆಗೆದಾಗ ಯಾರೋ ಬಾಗಿಲು ಬಡಿದು ಹೆರಿಗೆಗೆ ಕರೆದೊಯ್ದಿದ್ದರು.

ಅವತ್ತು ಹಾಡಿನ ಓಟ ಎಷ್ಟಿರಬೇಕು ಎಂದು ಅವನು ಬಹಳ ಹೊತ್ತು ತಡಕಾಡಿದ. ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ನಿಮಿಷಕ್ಕೆ ಎಷ್ಟು ಏಟು ಎಂಬುದು ಕೆಂಪು ಅಂಕಿಯಲ್ಲಿ ಮೂಡುತ್ತಿತ್ತು. ನೂರು ಜಾಸ್ತಿಯಾಯಿತು, ಅರವತ್ತು ಕಡಿಮೆಯಾಯಿತು. ಕೊನೆಗೆ ಕೈ ಚಾಚಿ, "ನೋಡು, ನಂದು ಎಷ್ಟೈತೆ?" ಎಂದ. ಅಂಜಮ್ಮ ವಾಚು ನೋಡುತ್ತಾ ಪೂರ್ತಿ ನಿಮಿಷ ಎಣಿಸಿ ಅಂಕಿ ಹೇಳಿದಳು. ಅಂದು ಒಂದೂ ಬಡಿತ ತಪ್ಪಿರಲಿಲ್ಲ. ಅವನು ಅದನ್ನೇ ಇಟ್ಟ.

ಮೊದಲು ತಾಳ ಬಾರಿಸಿದ, ಅಪ್ಪನ ಹಲಗೆಯ ನಡೆಯಲ್ಲಿ. ಎರಡನೆಯದು ಕೆಳಗಿನ ಶ್ರುತಿ. ಮೂರನೆಯದು ಕ್ಲಾರಿನೆಟ್ಟಿನ ಕರೆ. ಅದನ್ನು ಬಾರಿಸಿದ್ದು ಜನವರಿಯ ಒಂದು ಸಂಜೆ, ಅಂಜಮ್ಮ ಡ್ಯೂಟಿಯಿಂದ ಬರುವ ಹೊತ್ತಿಗೆ. ಅವಳು ಬಾಗಿಲು ತಳ್ಳಿದಾಗ ಅವನು ಮೂರನೇ ಕರೆಯ ಕೊನೆಯಲ್ಲಿದ್ದ. ಬಲಗೈ ಬೆರಳು ಸ್ವರದ ಕೀಲಿಯ ಮೇಲೇ ಇತ್ತು. ಎಡಗೈ ಎತ್ತಿ, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದ. ಆ ಸನ್ನೆಯಲ್ಲಿ ಕೊನೆಯ ಸ್ವರ ಎರಡು ಏಟು ಹೆಚ್ಚಿಗೆ ಎಳೆಯಿತು.

"ಕೆಡಿಸಿಬಿಟ್ನಾ? ಮತ್ತೆ ಬಾರಿಸ್ರಿ."

"ಇರ್ಲಿ ಬಿಡು. ಅದು ನೀನು ಬಂದಿದ್ದು. ನಿನ್ನ ಮೂರನೇ ಉತ್ರಕ್ಕೆ ಆರೇ ಏಟು ಸಿಗ್ತಾವೆ. ಬೇಗ ಬೇಗ ಹೇಳು, ಅಷ್ಟೇ."

ಫೆಬ್ರವರಿ ಹದಿನೆಂಟು, ಶನಿವಾರ, ಮಧ್ಯಾಹ್ನದ ಅಳತೆಗೆ ಹೋದವನು ನಾಲೆಯ ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಪುಸ್ತಕದಲ್ಲಿ ಅಡಿ ಬರೆದಿತ್ತು, ಅಂಗುಲ ಬರೆದಿರಲಿಲ್ಲ. ಅಂಜಮ್ಮ ಬಂದಾಗ ಮೈ ಆಗಲೇ ತಣ್ಣಗಾಗಿತ್ತು. ಅವಳಿಗೆ ಗೊತ್ತಿತ್ತು. ಆದರೂ ಮಣಿಕಟ್ಟು ಹಿಡಿದು, ವಾಚಿನ ಮುಳ್ಳು ಒಂದು ಸುತ್ತು ಬರುವ ತನಕ ಹಿಡಿದೇ ಇದ್ದಳು. ಸುತ್ತ ನಿಂತವರು ಅವಳು ಏನೋ ಹೇಳುತ್ತಾಳೆ ಎಂದು ಕಾದರು. ಹೇಳಲು ಅಂಕಿ ಇರಲಿಲ್ಲ.

*

ಇಪ್ಪತ್ತು ದಿನದ ಮೇಲೆ ಕೆಲಸಕ್ಕೆ ಹೋಗಲು ಶುರುಮಾಡಿದಳು. ಮೊದಲ ದಿನ ಮನೆಗೆ ಬಂದು, ಕೈಕಾಲು ತೊಳೆದು, ಬಟ್ಟೆ ಮುಚ್ಚಿದ್ದ ಕೀಬೋರ್ಡಿನ ಮುಂದೆ ನಿಂತಾಗ ಗಂಟೆ ಆರು ನಲವತ್ತು. ಸ್ವಿಚ್ಚು ಹಾಕಿ, ಅವನು ಒತ್ತುತ್ತಿದ್ದ ಹಸಿರು ಗುಂಡಿ ಒತ್ತಿದಳು.

ತಾಳ ಶುರುವಾಯಿತು. ಕರೆ ಬಂತು, ಎಂಟು ಏಟು. ಆಮೇಲೆ ಅದು ಸುಮ್ಮನಾಗಿ ಕಾಯಿತು. ಬರೀ ತಾಳ. ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಕರೆ, ಮತ್ತೆ ಮೌನ. ಮೂರನೆಯ ಕರೆಯ ಕೊನೆಯ ಸ್ವರ ಎಳೆಯುತ್ತಾ ನಿಂತಿತು. ಅಂಜಮ್ಮ ತಿರುಗಿ ಬಾಗಿಲ ಕಡೆ ನೋಡಿದಳು. ಹೊಸಿಲಲ್ಲಿ ಡ್ಯೂಟಿ ಚೀಲ ಹಿಡಿದುಕೊಂಡು ಒಳಗೆ ಬರುತ್ತಿರುವವಳು ಜನವರಿಯ ಆ ಸಂಜೆಯ ತಾನೇ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಕೇಳುವಾಗ ತನ್ನ ಎರಡು ಬೆರಳು ತನ್ನದೇ ಮಣಿಕಟ್ಟಿನ ಮೇಲೆ ಇರುವುದು ಕಂಡಿತು. ಆದರೆ ಎಣಿಸುತ್ತಿದ್ದದ್ದು ತಾಳವನ್ನು. ಪೂರ್ತಿ ನಿಮಿಷ ಎಣಿಸಿದಳು. ನವೆಂಬರಿನಲ್ಲಿ ತಾನೇ ಹೇಳಿದ ಅಂಕಿ. ಉರಿದು ಬೂದಿಯಾದ ಮನುಷ್ಯನ ನಾಡಿ ಮೇಜಿನ ಮೇಲೆ ಒಂದೂ ತಪ್ಪದಂತೆ ಹೊಡೆದುಕೊಳ್ಳುತ್ತಿತ್ತು.

ಅವಳು ಹೆದರಿದಳೇ ಎಂದರೆ, ಹೆದರಿದಳು. ಮೂರು ದಿನ ಕೀಬೋರ್ಡಿನ ಮೇಲಿನ ಬಟ್ಟೆ ಸರಿಸಲಿಲ್ಲ. ನಾಲ್ಕನೇ ದಿನ ಅಂತರಘಟ್ಟಮ್ಮ ಜಗಲಿಯ ಮೇಲಿಂದ, "ಯಾಕವ್ವ ಅಂಜಿ, ಅವನು ಕರೆಯೋದು ನಿಲ್ಸಿದ್ನಾ?" ಎಂದಳು.

"ಕರೀತಾರೆ ಅತ್ತೆ. ನನಗೆ ಉತ್ತರ ಕೊಡಾಕೆ ಬರಲ್ಲ."

"ಬರಲ್ಲ ಅಂದ್ರೆ ಕಲಿ. ಬಾರಿಸೋರ ಮನೆ ಸೊಸೆ ನೀನು. ಕರೆದೋನನ್ನ ಹಂಗೆ ನಿಲ್ಲಿಸಬಾರದು."

ಅಂದಿನಿಂದ ದಿನವೂ ಆರು ನಲವತ್ತಕ್ಕೆ ಅವಳು ಕೂತಳು. ಯಂತ್ರ ಕರೆಯಬೇಕು, ಅವಳು ಒಂದು ಬೆರಳಿನಲ್ಲಿ ಉತ್ತರಿಸಬೇಕು. ಕೆಂಪು ಗುಂಡಿಯನ್ನು ಮಾತ್ರ ಮುಟ್ಟಲಿಲ್ಲ. ಯಾವ ಟ್ರ್ಯಾಕಿನ ಮೇಲೆ ನಿಂತು ಅದನ್ನು ಒತ್ತಿದರೂ ಅಲ್ಲಿದ್ದದ್ದು ಅಳಿಸಿ ಹೊಸದು ಕೂರುತ್ತದೆ. ನಾಲ್ಕು ಒತ್ತುವಲ್ಲಿ ಬೆರಳು ಅರ್ಧ ಅಂಗುಲ ಜಾರಿ ಮೂರರ ಮೇಲೆ ಬಿದ್ದರೆ ಧರ್ಮಪ್ಪ ಹೋದ. ಕೈ ಪಕ್ಕಾ ಆಗುವ ತನಕ ಒತ್ತುವುದಿಲ್ಲ ಎಂದು ನಿಶ್ಚಯಿಸಿಕೊಂಡಳು. ಎಲ್ಲಕ್ಕಿಂತ ಕಷ್ಟವಾದದ್ದು ಮೂರನೇ ಉತ್ತರ. ಆರು ಏಟಿನಲ್ಲಿ ಹೇಳಿ ಮುಗಿಸಬೇಕು. ದಿನಾ ಆ ಜಾಗಕ್ಕೆ ಬಂದಾಗ ಅವನು ಎಡಗೈ ಎತ್ತುವುದು ಕಾಣುತ್ತಿತ್ತು, ಬೆರಳು ತಡವಾಗುತ್ತಿತ್ತು.

ಪಕ್ಕದ ಮನೆಯ ಸಾವಂತ್ರಮ್ಮ ಒಂದು ದಿನ ನಲ್ಲಿಯ ಹತ್ತಿರ ಹಿಡಿದುಕೊಂಡಳು. "ಏನ್ ನರ್ಸಮ್ಮ, ನಿಮ್ಮನ್ಯಾಗೆ ದಿನಾ ಸಂಜೆ ಇಬ್ರು ಬಾರಿಸ್ತಾರಲ್ಲ. ಇನ್ನೊಬ್ರು ಯಾರು, ನಾವೂ ನೋಡಬೋದಾ?"

"ಇನ್ನೊಬ್ಬರು ಮೊದಲಿಂದ ಇದ್ದವರೇ. ನೋಡೀರಲ್ಲ ನೀವು."

ಸಾವಂತ್ರಮ್ಮ ಕೊಡ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಹೋದಳು. ಆಮೇಲೆ ಸಂಜೆ ಆ ಕಡೆಯ ಕಿಟಕಿ ತೆರೆಯಲಿಲ್ಲ.

ಜೂನಿನಲ್ಲಿ ಒಂದು ಸಂಜೆ ಕರೆಂಟು ಇಲ್ಲದಾಗ ಕ್ಲಾರಿನೆಟ್ಟಿನ ದನಿ ನಡುಗಿತು, ಉಸಿರು ಕಟ್ಟಿದಂತೆ ಒಡೆಯಿತು. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮಹೇಶ್ವರಪ್ಪನನ್ನು ಕೇಳಿದಳು. ಅವನು ಸಮಾಧಾನದ ಮನುಷ್ಯ.

"ಸೆಲ್ಲು ಸೋತಾವೆ ಸಿಸ್ಟರ್. ಕರೆಂಟಿನ ಪ್ಲಗ್ಗು ಚುಚ್ಚಿರುವಾಗಲೇ ಹಳೇವು ತೆಗೆದು ಹೊಸಾವು ಹಾಕ್ರಿ. ಆ ಎರಡು ನಿಮಿಷ ಕರೆಂಟು ಹೋಗಬಾರದು. ಹೋದ್ರೆ ಅದರ ತಲೆ ಖಾಲಿ. ಅದಕ್ಕಿಂತ ತಂದ್ಕೊಡ್ರಿ, ಒಂದು ಟೇಪಿಗೆ ಇಳಿಸ್ತೀನಿ."

"ಮುಗಿದ ಮೇಲೆ ಇಳಿಸೋಣ. ಅರ್ಧ ಮಾತು ಟೇಪಿಗೆ ಹೋಗೋದು ಬ್ಯಾಡ."

"ಅರ್ಧನೇ ಇರ್ಲಿ, ಇದ್ದಂಗಿರ್ತೈತಲ್ರಿ."

ಅವನ ಮಾತು ಸರಿಯಾಗಿತ್ತು. ಆದರೆ ಉತ್ತರವಿಲ್ಲದ ಕರೆ ಟೇಪಿನಲ್ಲಿ ಎಂದೆಂದಿಗೂ ಹಾಗೇ ಕಾಯುತ್ತಾ ಉಳಿಯುವುದನ್ನು ನೆನೆದು ಅವಳು ಯಂತ್ರವನ್ನು ಅಂಗಡಿಗೆ ಒಯ್ಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅತ್ತೆ ಸಂತೆಗೆ ಹೋಗಿದ್ದಾಗ, ಬಲ್ಬು ಹಾಕಿಟ್ಟುಕೊಂಡು ಅದನ್ನೇ ನೋಡುತ್ತಾ ಸೆಲ್ಲು ಬದಲಿಸಿದಳು. ಆರನೆಯದು ಕೂರುವಾಗ ಬಲ್ಬು ಒಮ್ಮೆ ಮಂಕಾಯಿತು, ಮತ್ತೆ ಬೆಳಗಿತು. ಹಸಿರು ಗುಂಡಿ ಒತ್ತಿದಳು. ಕರೆ ಬಂತು. ನೆಲದ ಮೇಲೆ ಕೂತು ಅತ್ತಳು. ಆ ಎರಡು ನಿಮಿಷದ ವಿಷಯವನ್ನು ಅತ್ತೆಗೆ ಹೇಳಲಿಲ್ಲ. ಮುದುಕಿಯನ್ನು ಯಾಕೆ ಹೆದರಿಸಬೇಕು ಎಂದುಕೊಂಡಳು.

ಸೆಪ್ಟೆಂಬರಿನ ಕೊನೆಗೆ ಮೂರನೇ ಉತ್ತರ ಆರು ಏಟಿನಲ್ಲಿ ಸಲೀಸಾಗಿ ಕೂತಿತು. ವಿಜಯದಶಮಿ ಒಳ್ಳೆಯ ದಿನ ಎಂದು ಗೊತ್ತುಮಾಡಿದಳು. ಆಯುಧಪೂಜೆಯ ದಿನ ಕೀಬೋರ್ಡನ್ನು ತಾನೇ ಬೇರೆ ತೆಗೆದಿಡಬೇಕು ಎಂಬುದೂ ತಲೆಯಲ್ಲಿತ್ತು. ಆದರೆ ಬೆಳಿಗ್ಗೆ ಆರೂಕಾಲಿಗೆ ಗೋವಿನಕೋವಿಯಿಂದ ಸೈಕಲ್ಲಿನಲ್ಲಿ ಬಂದವನು ನೀರು ಒಡೆದು ಒಂದು ಗಂಟೆಯಾಯಿತು ಎಂದ. ಅವಳು ಚೀಲ ಎತ್ತಿಕೊಂಡು ಹೊರಟಳು.

*

ಮನೆ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ಬಾಗಿಲಿಗೆ ಮಾವಿನ ತೋರಣ, ಹೊಸಿಲ ಪಕ್ಕ ಒಡೆದ ಬೂದುಗುಂಬಳಕಾಯಿ. ಗೇಟು ತೆಗೆಯುವಾಗ ಕಾಂಪೌಂಡಿನ ಗೋಡೆಯ ಮೇಲೆ ಕಣ್ಣು ಬಿತ್ತು. ಸೆಲ್ಲುಗಳು ಸಾಲಾಗಿ ನಿಂತಿದ್ದವು, ಒಂದೊಂದರ ನೆತ್ತಿಗೂ ಕುಂಕುಮದ ಬೊಟ್ಟು. ಟಾರ್ಚಿಗೆ ಎರಡು. ಗೋಡೆಯ ಮೇಲೆ ಎಂಟಿದ್ದವು.

ಅವಳು ಇನ್ನೊಮ್ಮೆ ಎಣಿಸಿದಳು.

ಒಳಗೆ ಗೋಡೆಯ ಬುಡಕ್ಕೆ ಹಾಸಿದ ಚಾಪೆಯ ಮೇಲೆ ಎಲ್ಲ ಬಿಚ್ಚಿಕೊಂಡು ಮಲಗಿದ್ದವು: ಹುರಿ ಸಡಿಲವಾದ ಹಲಗೆ, ನಾಲಿಗೆಯಿಲ್ಲದ ಕ್ಲಾರಿನೆಟ್ಟು, ಅವಳ ಹಳೆಯ ಕತ್ತರಿ, ಚೆಂಡುಹೂವಿನ ಹಾರ ಹಾಕಿಸಿಕೊಂಡ ಕೀಬೋರ್ಡು. ಪ್ಲಗ್ಗು ಕಿತ್ತು, ವೈರನ್ನು ಹಾವಿನಂತೆ ಸುರುಳಿ ಸುತ್ತಿ ಪಕ್ಕದಲ್ಲಿಟ್ಟಿತ್ತು. ಅಂತರಘಟ್ಟಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಹೆರಿಗೆ ಸುಸೂತ್ರ ಆತೇನವ್ವ? ಎಲ್ಲಾ ನಾನೇ ಮಾಡಿದೆ ನೋಡು. ಆ ಮುಚ್ಚಳ ತೆಗೆಯಾಕೆ ಉಗುರು ಕಿತ್ತು ಬಂತು. ಹನ್ನೊಂದೂವರೆಗೆ ಬಿಸಿಲಿಗಿಟ್ಟೀನಿ. ಅವನು ಹೋದಾಗಿಂದ ಅದಕ್ಕೆ ಒಂದು ದಿನ ಬಿಡುವಿಲ್ಲ. ಅವನಿಗೂ ಬಿಡುವಿಲ್ಲ, ದಿನಾ ಕರೆಯೋದೇ ಆತು. ಇವತ್ತೊಂದಿನ ಸುಮ್ಮನಿರ್ಲಿ. ನಾಳೆ ಕಾದ ಮ್ಯಾಲೆ ಹಾಕು, ದನಿ ಇನ್ನೂ ಚೆನ್ನಾಗಿ ಬರ್ತೈತೆ."

ಮುದುಕಿಯ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅಂಜಮ್ಮ ಆ ಕೈಯನ್ನು ತೆಗೆದುಕೊಂಡಳು. ಬಟ್ಟೆ ಬಿಚ್ಚಿ, ಉಗುರಿನ ಬುಡ ತೊಳೆದು, ಔಷಧಿ ಹಚ್ಚಿ, ಬೇರೆ ಪಟ್ಟಿ ಕಟ್ಟಿದಳು.

"ಉಣ್ಣು ಬಾ. ಮುಖ ನೋಡು, ಹೆಂಗೆ ಬಾಡೈತೆ."

ಅವಳು ಉಂಡಳು. ಆ ಸಂಜೆ ಆರು ನಲವತ್ತಕ್ಕೆ ಮನೆಯಲ್ಲಿ ಏನೂ ಕೇಳಿಸಲಿಲ್ಲ. ಹಬ್ಬದ ಬಿಡುವು ಎಂದು ಅತ್ತೆ ತಿಳಿದಿದ್ದಳು.

ಮರುದಿನ ವಿಜಯದಶಮಿ. ಬೆಳಿಗ್ಗೆ ಅಂತರಘಟ್ಟಮ್ಮ ಹಲಗೆಯ ಹುರಿ ಬಿಗಿದು ಅಂಗಳದಲ್ಲಿ ಹುಲ್ಲು ಉರಿಸಿ ಕಾಯಿಸಿದಳು. ಸಂಜೆ 'ಸೆಲ್ಲು ಕಾದಾವೆ' ಎಂದು ಸೆರಗಿನಲ್ಲಿ ತಂದು ಸೊಸೆಯ ಮುಂದಿಟ್ಟು, ಜಗಲಿಯ ಮೇಲೆ ತನ್ನ ಜಾಗದಲ್ಲಿ ಹೋಗಿ ಕೂತಳು. ಕೀಬೋರ್ಡನ್ನು ಮೇಜಿಗೆ ಎತ್ತಿ ಅಂಜಮ್ಮ ಒಂದೊಂದೇ ಸೆಲ್ಲು ಕೂರಿಸಿದಳು. ಕುಂಕುಮ ಬೆರಳಿಗೆ ಹತ್ತಿತು. ಸ್ವಿಚ್ಚು ಹಾಕಿ ಹಸಿರು ಗುಂಡಿ ಒತ್ತಿದಳು. ಅರವತ್ತು ಸೆಕೆಂಡು ಕಾದಳು.

"ಯಾಕವ್ವ, ಕರೀಲಿಲ್ಲ?" ಹೊರಗಿಂದ ಅತ್ತೆ.

ಅಂಜಮ್ಮ ಕ್ಲಾರಿನೆಟ್ಟಿನ ದನಿ ಒತ್ತಿ ತೋರುಬೆರಳನ್ನು ಅವನ ಮೊದಲ ಸ್ವರದ ಮೇಲೆ ಇಟ್ಟಳು. ಏಳು ತಿಂಗಳು ತನ್ನ ಉತ್ತರವನ್ನು ಕಲಿಯುತ್ತಾ ಅವನ ಕರೆಯನ್ನೂ ಕಲಿತಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ಮೊದಲ ಕರೆ ಬಾರಿಸಿದಳು. ಎಂಟು ಏಟು ಬಿಟ್ಟಳು. ಎರಡನೆಯದು. ಮೂರನೆಯದರ ಕೊನೆಯ ಸ್ವರವನ್ನು ಎರಡು ಏಟು ಹೆಚ್ಚಿಗೆ ಎಳೆದಳು, ಬಾಗಿಲ ಕಡೆ ನೋಡದೆ.

ನಾಲ್ಕನೆಯದಕ್ಕೆ ಮುಂಚೆ ಅಂತರಘಟ್ಟಮ್ಮ ಒಳಗೆ ಬಂದು ನಿಂತಿದ್ದಳು. ಬಾರಿಸುವವರ ಮಗಳು, ಬಾರಿಸುವವನ ಹೆಂಡತಿ, ಬಾರಿಸುವವನ ತಾಯಿ.

"ಇದು ನಿನ್ನ ಕೈ," ಎಂದಳು.

"ಹೂಂ ಅತ್ತೆ."

"ಅವನು?"

ಅಂಜಮ್ಮ ಬೆರಳು ತೆಗೆದಳು. "ಹೋದರು."

ಮುದುಕಿ ತನ್ನ ಹೆಬ್ಬೆರಳ ಪಟ್ಟಿ ನೋಡಿಕೊಂಡಳು, ಬಾಗಿಲಾಚೆ ಕಾಂಪೌಂಡಿನ ಗೋಡೆಯ ಕಡೆ ನೋಡಿದಳು. "ನಾನು ಬಿಚ್ಚಿದ್ದಕ್ಕಾ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎರಡು ನಿಮಿಷವನ್ನೂ ತಿದ್ದಿ ಬರೆಯದವಳು ಬೆರಳಿಗೆ ಹತ್ತಿದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು.

"ಅಲ್ಲ ಅತ್ತೆ. ಸೆಲ್ಲು ಹಳೇವಾಗಿದ್ವು. ಹೋಗೋ ಹೊತ್ತು ಬಂದಿತ್ತು."

ಅಂತರಘಟ್ಟಮ್ಮ ನಂಬಿದಳೋ ಇಲ್ಲವೋ. ನೆಲಕ್ಕೆ ಕೂತು, ಬೆಚ್ಚಗಿದ್ದ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಸುತ್ತಿನ ಮರದ ಬಳೆಯನ್ನು ಸವರುತ್ತಾ ಹೇಳಿದಳು.

"ಇದರ ತೊಗಲು ಮೂರು ಸಲ ಹರಿದೈತೆ. ನಮ್ಮ ಮಾವ ಒಂದು ಸಲ ಹೊಸದು ಬಿಗಿದ, ನಿಮ್ಮ ಮಾವ ಎರಡು ಸಲ. ಬಳೆ ಮಾತ್ರ ಅದೇ. ಬಳೆ ಉಳಿದ್ರೆ ಅದೇ ಹಲಗೆ." ತಲೆಯೆತ್ತಿದಳು. "ನಿನ್ನ ಯಂತ್ರದಾಗೆ ಅವನದು ಏನಾದ್ರೂ ಉಳಿದೈತೇನು?"

"ಯಂತ್ರದಾಗೆ ಇಲ್ಲ ಅತ್ತೆ."

"ನಿನ್ನತ್ರ?"

"ಐತೆ."

"ಹಂಗಾದ್ರೆ ಬಿಗಿ. ನಾನು ಕೇಳ್ತೀನಿ."

ಅಂಜಮ್ಮ ಮೊದಲನೇ ಟ್ರ್ಯಾಕು ಆರಿಸಿದಳು. ತಾಳದಿಂದ ಶುರುಮಾಡಬೇಕು. ಅದಕ್ಕೂ ಮೊದಲು ಓಟ. ಗುಂಡಿ ಒತ್ತಿದಾಗ, ಎಲ್ಲ ಮರೆತು ಎದ್ದ ಯಂತ್ರ ತನಗೆ ತಾನೇ ಗೊತ್ತಿದ್ದ ನೂರ ಇಪ್ಪತ್ತನ್ನು ಕೆಂಪಗೆ ತೋರಿಸಿತು. ಅವಳು ಇಳಿಸತೊಡಗಿದಳು. ನೂರ ಹತ್ತು, ನೂರು, ತೊಂಬತ್ತು. ಎಂಬತ್ತಕ್ಕೆ ಬಂದಾಗ ಬೆರಳು ನಿಧಾನವಾಯಿತು. ಎಲ್ಲಿ ನಿಲ್ಲಿಸಬೇಕೆಂದು ಯಾರನ್ನೂ ಕೇಳಬೇಕಿರಲಿಲ್ಲ. ಹಿಂದಿನ ನವೆಂಬರಿನಲ್ಲಿ ಇದೇ ಮೇಜಿನ ಪಕ್ಕ ನಿಂತು, ಅವನ ಬೆಚ್ಚಗಿನ ಮಣಿಕಟ್ಟು ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಿ, ಜಗಲಿಯ ಮೇಲಿದ್ದ ಅತ್ತೆಗೂ ಕೇಳುವಂತೆ ಅವಳೇ ಗಟ್ಟಿಯಾಗಿ ಹೇಳಿದ್ದಳು: ಎಪ್ಪತ್ತಾರು.